ಗಾಡಿ ಹತ್ತುವ ಮುಂಚೆ ಸ್ಟ್ರಿಪ್ ತಿರುಗಿಸಿ ಓದು

ಕಿರಣಾ,

ನಿನ್ನ ಹೊಸ ಚೀಟಿಯ ಫೋಟೋ ಅಕ್ಕ ಕಳಿಸಿದಳು. ದಾವಣಗೆರೆಯಲ್ಲಿ ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿದವನು, ನೋಡಿ ಸುಮ್ನೆ ಇರಲು ಆಗಲಿಲ್ಲ.

ಇಲ್ಲಿವರೆಗೆ ನಿನ್ನ ಶುಗರ್ ಕಾಯಿಲೆಗೆ ಬರೀ ಮೆಟ್‌ಫಾರ್ಮಿನ್ ಮಾತ್ರೆ ಇತ್ತು. ಅದು ಹೊಟ್ಟೆ ಕೆಡಿಸಬಹುದು, ಆದರೆ ಅದೊಂದೇ ಇದ್ದರೆ ಶುಗರ್ ತೀರಾ ಇಳಿಯುವುದು ಅಪರೂಪ. ಈಗ ಗ್ಲಿಮೆಪಿರೈಡ್ ಅನ್ನುವ ಔಷಧಿ ಸೇರಿದೆ. ಅದು ನೀನು ಉಂಡಿದ್ದೀಯೋ ಇಲ್ಲವೋ ನೋಡುವುದಿಲ್ಲ, ಶುಗರ್ ಇಳಿಸುವ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನೀನೋ, ಬಾಡಿಗೆ ಸಿಕ್ಕಿತು ಅಂದರೆ ತಿಂಡಿ ಬಿಡುವ ಪೈಕಿ! ಮಾತ್ರೆ ನುಂಗಿ, ಹಿರಿಯೂರಲ್ಲಿ ತಿಂದರಾಯ್ತು ಅಂತ ಹೈವೇ ಹತ್ತಿದರೆ ಚಿತ್ರದುರ್ಗ ದಾಟುವಷ್ಟರಲ್ಲೇ ಬೆವರು, ಕೈ ನಡುಕ, ಕಣ್ಣು ಮಬ್ಬು ಶುರುವಾಗಬಹುದು. ಇನ್ನೂ ಇಳಿದರೆ ತಲೆ ಮಂಕಾಗಿ, ತನಗೆ ಏನೋ ಆಗುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಸ್ಟೇರಿಂಗ್ ಹಿಡಿದವನಿಗೆ ಇದಕ್ಕಿಂತ ಕೆಟ್ಟದ್ದು ಏನಿದೆ?

ಹಾಗಾದಾಗ ಗಾಡಿ ಬದಿಗೆ ಹಾಕು, ಎಂಜಿನ್ ಆಫ್ ಮಾಡು, ಆಮೇಲೆ ಮಿಕ್ಕಿದ್ದು. ಶುಗರ್ 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ 3 ಟೀ ಚಮಚ ಪುಡಿ, ನೀರಿಗೆ ಹಾಕಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ನೋಡು.

ಬೆಲ್ಲ, ಪೆಪ್ಪರಮೆಂಟು ಸಾಕಲ್ವಾ ಅಂತ ಕೇಳುತ್ತೀಯ. ನಿನ್ನ ಮಾತ್ರೆಯಲ್ಲಿ ವೋಗ್ಲಿಬೋಸ್ ಅನ್ನುವ ಇನ್ನೊಂದು ಔಷಧಿ ಕೂಡ ಇದೆ, ಸ್ಟ್ರಿಪ್ ತಿರುಗಿಸಿ ನೋಡು. ಅದು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡ ಮಾಡುತ್ತದೆ. ಹಾಗಾಗಿ ಸಕ್ಕರೆ ತಿಂದರೂ ಶುಗರ್ ಬೇಗ ಏರುವುದಿಲ್ಲ. ಒಡೆಯುವ ಕೆಲಸವೇ ಇಲ್ಲದ ಗ್ಲೂಕೋಸ್ ಪುಡಿಯೇ ಬೇಕು. ಅದು ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವ ಕಡೆ ಇರಲಿ. ಚಾಕೊಲೇಟು, ನಮ್ಮೂರ ಬೆಣ್ಣೆ ದೋಸೆ ಆ ಹೊತ್ತಿಗೆ ಬೇಡ, ಕೊಬ್ಬು ಸೇರಿದರೆ ಇನ್ನೂ ನಿಧಾನ. (ಮಿಕ್ಕ ಹೊತ್ತಲ್ಲೂ ನಿನಗೆ ಅದು ಜಾಸ್ತಿ ಒಳ್ಳೆಯದಲ್ಲ, ಬಿಡು.)

ಇಂಗ್ಲೆಂಡಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಡ್ರೈವರ್‌ಗಳಿಗೆ ಒಂದು ಲೆಕ್ಕ ಹೇಳುತ್ತಾರೆ. ಹೊರಡುವ ಮುಂಚೆ ಶುಗರ್ 90 ಇರಬೇಕು, ಕಡಿಮೆ ಇದ್ದರೆ ಏನಾದರೂ ತಿನ್ನಬೇಕು. ಶುಗರ್ ತೀರಾ ಇಳಿದಿದ್ದರೆ, ಮತ್ತೆ ಏರಿ ಸರಿಯಾದ ಮೇಲೂ 45 ನಿಮಿಷ ಕಾಯಬೇಕು, ಯಾಕೆಂದರೆ ತಲೆ ತಿಳಿಯಾಗಲು ತಡವಾಗುತ್ತದೆ. ನಿನ್ನದು ಬರೀ ಮಾತ್ರೆ, ಆದರೂ ಪಾಲಿಸು. ಗಿರಾಕಿ ಗೊಣಗಿದರೆ ಗೊಣಗಲಿ.

ನಮ್ಮಲ್ಲೂ 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಂ ಇದೆ. ಜನರಿಗೆ ಅಪಾಯವಾಗುವಂಥ ಕಾಯಿಲೆ ಇದೆಯೆಂದು ಗೊತ್ತಿದ್ದೂ ಓಡಿಸಿದರೆ ದಂಡ. ಲೈಸೆನ್ಸ್ ಅರ್ಜಿಯಲ್ಲಿ ತಲೆಸುತ್ತು, ಪ್ರಜ್ಞೆ ತಪ್ಪುವುದು ಇದೆಯಾ ಅಂತ ಕೇಳುತ್ತಾರೆ. 40 ದಾಟಿದ ಮೇಲೆ ಡಾಕ್ಟರ್ ಸಹಿಯ 1-ಎ ನಮೂನೆ ಬೇಕು. ಸುಳ್ಳು ಬರೆಸಬೇಡ.

ಮಾತ್ರೆ ನೀನೇ ಬಿಡಬೇಡ. ಪದೇ ಪದೇ ಇಳಿಯುತ್ತಿದ್ದರೆ ಡಾಕ್ಟರಿಗೆ ಹೇಳು, ಡೋಸ್ ಬದಲಿಸುತ್ತಾರೆ. ಗಾಡಿ ಓಡಿಸುತ್ತೇನೆ ಅಂತ ಹೇಳಿದ್ದೀಯಾ ಅವರಿಗೆ? ಅಕ್ಕ ಇಲ್ಲ ಅಂದಳು.

ನಿನ್ನ ಮಾವ