ಬಲೆ ಹರಿಯುವುದು ಹೇಗೆ?

ಪ್ರೀತಿಯ ಗೆಳೆಯಾ,

"ಕಾಲೇಜಿನ ಇಂಗ್ಲಿಷ್ ಅಂದ್ರೆ ಎಂತ ಮಾರಾಯಾ, ಮತ್ತದೇ ಗ್ರಾಮರಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, ನಿನಗೆ ಹೋಟೆಲಿನಲ್ಲಿ ರಶ್ ಇತ್ತು. ಸರಿಯಾಗಿ ಹೇಳಲು ಆಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ ಅದು.

ಗ್ರಾಮರ್ ಇದೆ. ಪಾಠ, ಪದ್ಯವೂ ಇದೆ. ಅದನ್ನೆಲ್ಲ ಓದಿಕೊಳ್ಳುತ್ತೇನೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಬರೆಯುವ ಕೆಲಸ. ಮೊದಲ ವಾರವೇ ನಮ್ಮ ಮೇಡಂ ಹೇಳಿದರು, ನಿಮ್ಮ ಮನೆಯವರು ಮಾಡುವ ಒಂದು ಕೆಲಸದ ಬಗ್ಗೆ ಬರೆಯಿರಿ, ಗೈಡು ಮುಟ್ಟಬೇಡಿ ಅಂತ. ಆಗ ಮಲ್ಪೆಯ ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲೇ ಸಾಲಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ನಿನಗೆ ಗೊತ್ತಿದ್ದದ್ದೇ. ನಾನು ಮೀನುಗಾರಿಕೆ ಬಗ್ಗೆ ಬರೆದೆ.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದು ಅದನ್ನೇ ಅಲ್ವಾ? ಪರೀಕ್ಷೆಗೆ ಅದು ಒಳ್ಳೆಯದೇ. ಕರಾವಳಿಯ ಜನರ ಬದುಕಿನಲ್ಲಿ ಮೀನುಗಾರಿಕೆಗೆ ಮಹತ್ವದ ಸ್ಥಾನವಿದೆ ಅನ್ನುವ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಶುರು ಮಾಡಿದ್ದೆ. ಮೇಡಂ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಇದನ್ನು ಅಲ್ಲ ಅನ್ನುವವರು ಯಾರಾದರೂ ಇದ್ದಾರಾ?"

ಯಾರೂ ಇಲ್ಲ. ಹಾಗಾದರೆ ಎರಡು ಪುಟ ಯಾರಿಗೆ ಬರೆಯುವುದು? ಆ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿತ್ತು. ಥೀಸಿಸ್ ಅಂತ ಕ್ಲಾಸಿನಲ್ಲಿ ಹೇಳುತ್ತಾರಲ್ಲ, ಅದು ಇಷ್ಟೇ: ಇನ್ನೊಬ್ಬರು ಅಲ್ಲ ಅನ್ನಬಹುದಾದ ಒಂದು ಮಾತು. ಅದನ್ನು ಯಾಕೆ ನಂಬಬೇಕು ಅಂತ ತೋರಿಸುವುದೇ ಉಳಿದ ಬರಹ.

ಎರಡನೇ ಕರಡನ್ನು ಕ್ಲಾಸಿನವರೇ ಒಬ್ಬರದ್ದೊಬ್ಬರು ಓದಬೇಕಿತ್ತು. ನನ್ನದು ಹೆಬ್ರಿ ಕಡೆಯ ಹುಡುಗಿಯ ಕೈಗೆ ಹೋಯಿತು. ಅವರದ್ದು ಅಡಿಕೆ ತೋಟ, ಬೋಟು ಹತ್ತಿ ಗೊತ್ತಿಲ್ಲ. "ಅಪ್ಪ ಹರಿದ ಬಲೆ ಸರಿ ಮಾಡುತ್ತಾರೆ" ಅನ್ನುವ ಸಾಲಿಗೆ ಬಂದವಳು ನಿಲ್ಲಿಸಿ ಕೇಳಿದಳು: "ಬಲೆ ಹರಿಯುವುದು ಹೇಗೆ? ನೀರಲ್ಲಿ ಹರಿಯಲಿಕ್ಕೆ ಎಂತ ಉಂಟು?"

ನೀನು, ನಾನು ಇದನ್ನು ಯಾವತ್ತಾದರೂ ಕೇಳಿದ್ದುಂಟಾ? ಬಲೆಯ ರಾಶಿಯ ಮೇಲೆಯೇ ಆಡಿ ಬೆಳೆದವರು ನಾವು. ನಮಗೆ ಕಣ್ಣಿಗೇ ಬೀಳದ ಜಾಗದಲ್ಲಿ ಅವಳು ಬೆರಳಿಟ್ಟಿದ್ದಳು.

ಆ ಭಾನುವಾರ ದಕ್ಕೆಗೆ ಹೋಗಿ ಅಪ್ಪನ ಹತ್ತಿರ ಕೂತೆ. ಜೋರು ಮಳೆ. ಟಾರ್ಪಾಲಿನ ಕೆಳಗೆ ಇಬ್ಬರೇ. ಟ್ರಾಲ್ ಬಲೆ ಕಡಲಿನ ಅಡಿಯಲ್ಲಿ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಕಲ್ಲಿಗೆ ಸಿಕ್ಕಿದರೆ ಹರಿಯುತ್ತದೆ. ಅಷ್ಟನ್ನು ಅಪ್ಪ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ಅವರ ಕೈಯನ್ನೇ ನೋಡಿದೆ. ಬಲೆಯ ಒಂದು ಮೂಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದರು. ಹರಿದ ಜಾಗದ ಸುತ್ತಲಿನ ಕಣ್ಣುಗಳನ್ನು ಚೂರಿಯಿಂದ ಒಂದೊಂದಾಗಿ ಕತ್ತರಿಸುತ್ತಾ ಬಂದರು. ಅಂಗೈ ಅಗಲದ ತೂತು ಮೊಳದುದ್ದ ಆಯಿತು. "ಇನ್ನೂ ದೊಡ್ಡದಾಯ್ತಲ್ಲ ಅಪ್ಪ?" ಅಂದೆ. "ಹರಿದು ಜುಂಗಾದ ಎಳೆಗೆ ಗಂಟು ಹಾಕಿದ್ರೆ ನಿಲ್ಲುವುದಿಲ್ಲ. ಗಟ್ಟಿ ಎಳೆ ಸಿಗುವ ತನಕ ಕತ್ತರಿಸಬೇಕು" ಅಂದರು. ಆಮೇಲೆಯೇ ಸೂಜಿಗೆ ಕೈ ಹಾಕಿದ್ದು. ಒಂದು ಕಣ್ಣು ಕಟ್ಟಿ ಬೆರಳಿನಲ್ಲಿ ಅಳತೆ ನೋಡಿ, ಮುಂದಿನದಕ್ಕೆ.

ಅದನ್ನು ಹಾಗೇ ಬರೆದೆ, ಹೆಬ್ರಿಯ ಹುಡುಗಿಗೆ ಕಾಣುವ ಹಾಗೆ. ಬರೆಯುತ್ತಾ ಇದ್ದಾಗಲೇ ನನ್ನ ಮಾತೂ ಸಿಕ್ಕಿತು. ಈ 61 ದಿನವನ್ನು ಜನ ಮೀನುಗಾರರ ರಜೆ ಅನ್ನುತ್ತಾರೆ, ಇದು ರಜೆ ಅಲ್ಲ, ಬಲೆ ಕೆಲಸದ ಕಾಲ ಅಂತ. ಆದರೆ ಅದನ್ನು ಪಕ್ಕದ ಮನೆಯ ಮಾಮನಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಅವರು ಬೋಟಿನಲ್ಲಿ ಪಾಲಿಗೆ ದುಡಿಯುವವರು. "ನಿನ್ನ ಅಪ್ಪನಿಗೆ ಕೆಲಸ ಉಂಟು. ಬೋಟು ನಿಂತರೆ ನನಗೆ ಕೆಲಸವೂ ಇಲ್ಲ, ದುಡ್ಡೂ ಇಲ್ಲ" ಅಂದರು. ಅವರು ಹೇಳಿದ್ದೂ ನಿಜ. ಅದನ್ನು ಬಿಟ್ಟು ಬರೆದರೆ ನನ್ನ ಮಾತು ಗಟ್ಟಿಯಾಗುವುದಿಲ್ಲ ಅನಿಸಿತು. ಮಾಮನ ಮಾತನ್ನೂ ಸೇರಿಸಿದೆ. ದಕ್ಕೆಯಲ್ಲಿ ಈ ಎರಡು ತಿಂಗಳು ಎಲ್ಲರಿಗೂ ಒಂದೇ ಅಲ್ಲ ಅನ್ನುವುದು ಕೊನೆಗೆ ಉಳಿದ ಮಾತು. ಬರೆಯಲು ಕೂರುವಾಗ ಅದು ನನಗೇ ಗೊತ್ತಿರಲಿಲ್ಲ. ಬರೆಯುವುದರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಕೊನೆಯ ಕರಡಿನಲ್ಲಿ ಹಳೆಯ ಪೀಠಿಕೆ ಪೂರ್ತಿ ಹೋಯಿತು. ಮೂರನೇ ಪ್ಯಾರಾ ಮೊದಲಿಗೆ ಬಂತು. ಗಟ್ಟಿಯಾಗಿ ಓದಿ ನೋಡುವುದನ್ನೂ ಮೇಡಂ ಕಲಿಸಿದರು. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿದೆ. ಮಾರ್ಕು ಎಷ್ಟು ಬಂತು ಅನ್ನುವುದನ್ನು ಬಿಡು.

ಇಂಗ್ಲಿಷ್ ಹಿಡಿದರೆ ಕನ್ನಡ ಬಿಟ್ಟುಹೋಗ್ತದೆ ಅಂತ ನಿನಗೆ ಬೇಸರ ಇದೆ, ನನಗೆ ಗೊತ್ತು. ಹಾಗೇನೂ ಇಲ್ಲ ಮಾರಾಯಾ. ಬಿ.ಎಂ.ಶ್ರೀ., ಅನಂತಮೂರ್ತಿ ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳೇ. ಅಡಿಗರೂ ಅಷ್ಟೇ, ನಮ್ಮ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದವರು. ಪಾಠ ಮಾಡಿದ್ದು ಇಂಗ್ಲಿಷು, ಬರೆದದ್ದು ಕನ್ನಡ. ಅವರ ಮುಂದೆ ನನ್ನದು ಇನ್ನೂ ಮೊದಲ ಹೆಜ್ಜೆ. ಆದರೆ ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತ ಕೇಳುವ ಗುಣ ನನ್ನ ಕನ್ನಡಕ್ಕೂ ಬಂದಿದೆ. ಒಂದು ಸಾಲು ಬರೆದ ಕೂಡಲೇ, ದಕ್ಕೆ ನೋಡದವನಿಗೆ ಇದು ಕಾಣ್ತದಾ ಅಂತ ಯೋಚಿಸುತ್ತೇನೆ.

ಅದೇ ಬರಹವನ್ನು ಈಗ ಕನ್ನಡದಲ್ಲಿ ಹೊಸದಾಗಿ ಬರೆದಿದ್ದೇನೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ನೀನು ಓದು. ಆದರೆ ನಿನಗೆ ಎಲ್ಲ ಗೊತ್ತಿರುವುದರಿಂದ ನೀನು ಎಲ್ಲೂ ತಡೆಯುವುದಿಲ್ಲ. ನಿನ್ನ ರೂಮಿನಲ್ಲಿ ಗದಗ ಕಡೆಯ ಹುಡುಗ ಒಬ್ಬ ಇದ್ದಾನೆ, ಕಡಲೇ ನೋಡಿಲ್ಲ ಅಂದಿದ್ದೆಯಲ್ಲ. ಅವನಿಗೆ ಗಟ್ಟಿಯಾಗಿ ಓದಿ ಹೇಳು. ಅವನು ಎಲ್ಲೆಲ್ಲಿ ನಿಲ್ಲಿಸಿ ಏನೇನು ಕೇಳ್ತಾನೋ, ಒಂದೂ ಬಿಡದೆ ನನಗೆ ಬರೆದು ಕಳಿಸು.

ನಿನ್ನ ಗೆಳೆಯ,
ಮಲ್ಪೆಯಿಂದ