ಇನ್ನೂರು ಸಂಪುಟಗಳ ಋಣ

ಕಳೆದ ಭಾನುವಾರ ರಾತ್ರಿ ‘ಕೊಚಿಕಾಮೆ’ ಎಂಬ ಮಂಗಾದ, ಅಂದರೆ ಜಪಾನಿ ಚಿತ್ರಕಥೆಯ, 200ನೇ ಸಂಪುಟವನ್ನು ಓದಿ ಮುಗಿಸಿದೆ. ಸೋಮವಾರ ಬೆಳಿಗ್ಗೆ, ಏಳು ತಿಂಗಳ ಬಳಿಕ, ಕೆಲಸಕ್ಕೆ ಹೋದೆ. ಎರಡೂ ಬೆನ್ನುಬೆನ್ನಿಗೆ ಆದದ್ದು ಆಕಸ್ಮಿಕವಲ್ಲ. ಮಲಗಿಕೊಂಡು ಹಿಡಿದ ಪುಸ್ತಕವನ್ನು ಎದ್ದು ಓಡಾಡುವ ಮುನ್ನ ಮುಗಿಸಲೇಬೇಕೆಂಬ ಹಟಕ್ಕೆ ಬಿದ್ದು ಕೊನೆಯ ವಾರ ದಿನಕ್ಕೆರಡರಂತೆ ಓದಿದ್ದೆ. ಈಗ ಸೊಂಟ ನೆಟ್ಟಗಾಗಿದೆ, ಕೈ ಖಾಲಿಯಾಗಿದೆ. ಯಾರ್ಯಾರಿಗೆ ಏನೇನು ಹೇಳದೆ ಉಳಿದಿದೆ ಎಂಬುದು ಒಂದೊಂದಾಗಿ ನೆನಪಾಗುತ್ತಿದೆ.

ಮೊದಲು ನಮ್ಮ ಕಟ್ಟಡದ ಕೆಳಗಿನ ಕ್ಷೌರದಂಗಡಿಯ ಯಜಮಾನರಿಗೆ. ನಾನಿರುವುದು ಟೋಕಿಯೊ ನಗರದ ಪೂರ್ವದ ಅಂಚಿನಲ್ಲಿ, ಕತ್ಸುಶಿಕಾ ವಾರ್ಡಿನ ಕಾಮೆಅರಿಯಲ್ಲಿ. ಸರದಿ ಕಾಯುವ ಗಿರಾಕಿಗಳಿಗೆಂದು ಮಂಗಾ ಪುಸ್ತಕಗಳನ್ನಿಡುವುದು ಇಲ್ಲಿನ ಕ್ಷೌರದಂಗಡಿಗಳಲ್ಲಿ ವಾಡಿಕೆ. ಇವರ ಕಪಾಟಿನಲ್ಲಿ ಇರುವುದು ಒಂದೇ ಮಂಗಾ, ಮೊದಲಿನಿಂದ ಕೊನೆಯವರೆಗೆ. ನಾನು ಹಾಸಿಗೆ ಹಿಡಿದ ಸುದ್ದಿ ಕೇಳಿ ಅವರು ಹತ್ತು ಸಂಪುಟಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಮೇಲೆ ಬಂದರು. “ನಮ್ಮೂರಿನದು, ಓದಿ” ಎಂದಷ್ಟೇ ಹೇಳಿ ಇಳಿದು ಹೋದರು. ಆಮೇಲೆ ಸುಮಾರು ಹತ್ತು ದಿನಕ್ಕೊಮ್ಮೆ ಹಳೆಯ ಗಂಟು ಕೆಳಗೆ, ಹೊಸ ಗಂಟು ಮೇಲೆ. ಎಪ್ಪತ್ತು ದಾಟಿದವರು ಇಪ್ಪತ್ತು ಸಲ ಮೂರು ಮಹಡಿ ಹತ್ತಿದ್ದಾರೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಅದು ಅವರೂರಿನದೇ. ಪೂರ್ತಿ ಹೆಸರು ‘ಕೊಚಿರಾ ಕತ್ಸುಶಿಕಾ-ಕು ಕಾಮೆಅರಿ ಕೋಎನ್-ಮಾಏ ಹಶುತ್ಸುಜೊ’. ಕನ್ನಡದಲ್ಲಿ ಹೇಳುವುದಾದರೆ, ‘ಇದು ಕತ್ಸುಶಿಕಾ ವಾರ್ಡಿನ ಕಾಮೆಅರಿ ಪಾರ್ಕಿನ ಎದುರಿನ ಹೊರಠಾಣೆ’. ಫೋನ್ ಎತ್ತಿದ ಪೇದೆಯ ಬಾಯಲ್ಲಿ ಬರುವಂಥ ಮಾತನ್ನೇ ಶೀರ್ಷಿಕೆ ಮಾಡಿದ್ದಾರೆ. ಇಷ್ಟುದ್ದ ಹೇಳಲು ಜಪಾನಿಗರಿಗೂ ತಾಳ್ಮೆಯಿಲ್ಲ, ಆದ್ದರಿಂದ ಕೊಚಿಕಾಮೆ. ಕಥಾನಾಯಕ ರ್ಯೋತ್ಸು ಕಾನ್‌ಕಿಚಿ, ಎಲ್ಲರ ಬಾಯಲ್ಲಿ ರ್ಯೋ-ಸಾನ್. ಕೂಡಿದ ಹುಬ್ಬಿನ, ಕುಳ್ಳ ಕಾಲಿನ, ಅಸಾಕುಸಾ ಪೇಟೆಯಲ್ಲಿ ಹುಟ್ಟಿ ಬೆಳೆದ ಪೊಲೀಸ್. ದುಡ್ಡು ಮಾಡುವ ಹೊಸ ಉಪಾಯ ಹೂಡುವುದು, ಅದು ಮಿತಿಮೀರಿ ಬೆಳೆಯುವುದು, ಕೊನೆಗೆ ಮುಖ್ಯಸ್ಥ ಓಹಾರಾ ಕೈಗೆ ಸಿಕ್ಕಿದ್ದನ್ನು ಹಿಡಿದು ಅಟ್ಟಿಸಿಕೊಂಡು ಬರುವುದು. ಕಥೆ ಇಷ್ಟೇ. ಮೊದಲ ಕಂತಿನ ಹೆಸರೇ ಮೇಲಧಿಕಾರಿಗಳಿಗೆ ಬರೆದುಕೊಡುವ ತಪ್ಪೊಪ್ಪಿಗೆಯ ಪತ್ರವನ್ನು ಕುರಿತದ್ದು.

ನನ್ನ ಅಪ್ಪ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ದಿನಾ ಸಂಜೆ ವಿಡಿಯೊ ಕರೆಯಲ್ಲಿ ಅವರಿಗೆ ಅಂದಿನ ಕಥೆ ಒಪ್ಪಿಸುತ್ತಿದ್ದೆ. ನೂರನೇ ಸಂಪುಟದ ಹೊತ್ತಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಆ ಮನುಷ್ಯನಿಗೆ ಇನ್ನೂ ಬಡ್ತಿ ಕೊಟ್ಟಿಲ್ಲವೇನೋ?” ಕೊಟ್ಟಿಲ್ಲ ಅಪ್ಪ. ನಲವತ್ತು ವರ್ಷವಾದರೂ ಅದೇ ದರ್ಜೆ, ಅದೇ ವಯಸ್ಸು. ಸುತ್ತಲಿನ ಟೋಕಿಯೊ ಮಾತ್ರ ಬದಲಾಗುತ್ತ ಹೋಗುತ್ತದೆ. ಪೇಜರ್ ಬರುತ್ತದೆ, ವಿಡಿಯೊ ಗೇಮ್ ಬರುತ್ತದೆ, ಇಂಟರ್ನೆಟ್ ಬರುತ್ತದೆ, ಒಂದೊಂದು ಬಂದಾಗಲೂ ಅದರಿಂದ ಕಾಸು ಹುಟ್ಟಿಸಲು ರ್ಯೋ-ಸಾನ್ ಎಲ್ಲರಿಗಿಂತ ಮೊದಲೇ ಹಾಜರು. ಹಿಗುರಾಶಿ ಎಂಬ ಇನ್ನೊಬ್ಬ ಪೊಲೀಸನಿದ್ದಾನೆ. ಒಲಿಂಪಿಕ್ಸ್ ನಡೆಯುವ ವರ್ಷದಲ್ಲಿ, ನಾಲ್ಕು ವರ್ಷಕ್ಕೊಮ್ಮೆ, ನಿದ್ದೆಯಿಂದೇಳುತ್ತಾನೆ. ಓದುಗನೂ ನಾಲ್ಕು ವರ್ಷ ಕಾಯಬೇಕು! ಇಂಥ ತಮಾಷೆ ಹೊಳೆದರೂ ಸಾಲದು, ನಾಲ್ಕು ವರ್ಷದ ಬಳಿಕವೂ ತನ್ನ ಕಥೆ ಅಚ್ಚಾಗುತ್ತಿರುತ್ತದೆ ಎಂಬ ಧೈರ್ಯ ಬೇಕು.

ಆ ಧೈರ್ಯದ ಮನುಷ್ಯ ಅಕಿಮೊತೊ ಒಸಾಮು. ಹುಟ್ಟಿದ್ದು 1952ರಲ್ಲಿ, ಇದೇ ಕಾಮೆಅರಿಯಲ್ಲಿ. ಮೊದಲು ತತ್ಸುನೊಕೊ ಅನಿಮೇಷನ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ತಾಯಿ ಕಾಯಿಲೆ ಬಿದ್ದಾಗ ಬಿಟ್ಟು ಬಂದು, ಅವರ ಆರೈಕೆಯ ನಡುವೆ ಮನೆಯಲ್ಲೇ ಮಂಗಾ ಬರೆಯತೊಡಗಿದರು. 1976ರಲ್ಲಿ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಕೊಚಿಕಾಮೆ ಶುರುವಾದಾಗ ಅವರದು ಬೇರೆ ಹೆಸರು: ಯಾಮಾದೊಮೆ ತಾತ್ಸುಹಿಕೊ. ಆ ಕಾಲದ ಜನಪ್ರಿಯ ಹಾಸ್ಯ ಮಂಗಾಕಾರ ಯಾಮಾಗಾಮಿ ತಾತ್ಸುಹಿಕೊ ಅವರ ಹೆಸರನ್ನು ತುಂಟತನದಿಂದ ತಿರುಚಿದ್ದು. ನೂರು ಕಂತುಗಳ ಹೊತ್ತಿಗೆ ಅದನ್ನು ಬಿಟ್ಟು ಸ್ವಂತ ಹೆಸರಿಗೆ ಬಂದರು. ನಲವತ್ತು ವರ್ಷ ನಡೆಯುತ್ತದೆಂದು ಗೊತ್ತಿದ್ದರೆ ಯಾರೂ ಅಂಥ ಹೆಸರಿಟ್ಟುಕೊಂಡು ಶುರುಮಾಡುವುದಿಲ್ಲ.

ಜಂಪ್ ದಾಕ್ಷಿಣ್ಯವಿಲ್ಲದ ಪತ್ರಿಕೆ. ಓದುಗರು ಕಾರ್ಡಿನಲ್ಲಿ ಬರೆದು ಕಳಿಸುವ ಮತಗಳಲ್ಲಿ ಹಿಂದೆ ಬಿದ್ದ ಧಾರಾವಾಹಿ ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ಅಲ್ಲಿ ಈ ಮನುಷ್ಯ 1976ರಿಂದ 2016ರವರೆಗೆ ಒಂದು ವಾರವೂ ತಪ್ಪಿಸಲಿಲ್ಲ. ಇದನ್ನು ಮೊದಲು ಕೇಳಿದಾಗ ನನಗೆ ಗೌರವ ಮೂಡಲಿಲ್ಲ, ಸಿಟ್ಟು ಬಂತು. ನಾನು ಮಲಗಿದ್ದು ಅಂಥ ಶೂರತನದಿಂದಲೇ. ಎರಡು ವರ್ಷ ರಾತ್ರಿ ಹನ್ನೊಂದಕ್ಕೆ ಮುಂಚೆ ಕುರ್ಚಿ ಬಿಟ್ಟೇಳದೆ ದುಡಿದೆ. ಕಂಪನಿಯವರು ಬೇಡವೆನ್ನಲಿಲ್ಲ, ನಾನೂ ಎದ್ದು ಬರಲಿಲ್ಲ. ಒಂದು ದಿನ ಬಗ್ಗಿ ಶೂ ಕಟ್ಟುವಾಗ ಸೊಂಟದ ಡಿಸ್ಕ್ ಸರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವನಿಗೆ, ರಜೆಯನ್ನೇ ಕಾಣದೆ ದುಡಿದವರ ಕಥೆ ಬೇಕಾಗಿರಲಿಲ್ಲ.

ಯಜಮಾನರು ನಕ್ಕರು. “ಅವರು ನಿಮ್ಮ ಹಾಗಲ್ಲ, ನನ್ನ ಹಾಗೆ. ಏಳಕ್ಕೆ ಶಟರ್ ಎಳೆಯುವವರು” ಎಂದರು.

ನಿಜ. ಅಕಿಮೊತೊ ತಮ್ಮ ಸ್ಟುಡಿಯೊವನ್ನು ಕಚೇರಿಯಂತೆ ನಡೆಸಿದರು. ಹೆಸರು ಅಟೆಲಿಯೆ ಬೀದಾಮಾ, ಅಂದರೆ ಗೋಲಿಗುಂಡು. ಸಹಾಯಕರು ಸಂಬಳದ ನೌಕರರು, ಬಂದಾಗ ಹೋಗುವಾಗ ಟೈಮ್ ಕಾರ್ಡ್ ಒತ್ತುವವರು. ಬೆಳಿಗ್ಗೆ ಒಂಬತ್ತಕ್ಕೆ ಆರಂಭ, ಸಂಜೆ ಏಳಕ್ಕೆ ಮುಕ್ತಾಯ, ರಾತ್ರಿ ಜಾಗರಣೆ ಇಲ್ಲ. ವಾರದ ಕಂತನ್ನು ವಾರ ತುಂಬುವ ಮೊದಲೇ ಮುಗಿಸಿ, ಉಳಿದ ದಿನಗಳಲ್ಲಿ ಮುಂದಿನದಕ್ಕೆ ಕೈಹಾಕಿ, ಹೀಗೆ ಮುಂಗಡವಾಗಿ ಕಂತುಗಳನ್ನು ಕೂಡಿಡುತ್ತಿದ್ದರು. ನಮ್ಮಲ್ಲಿ ಹಪ್ಪಳ ಸಂಡಿಗೆಯನ್ನು ಮಳೆಗಾಲಕ್ಕೆ ಮುಂಚೆಯೇ ಡಬ್ಬಿ ತುಂಬಿಸಿಡುವ ಹಾಗೆ. ಒಬ್ಬರಿಗೆ ಜ್ವರ ಬಂದರೂ ಪತ್ರಿಕೆಯ ಪುಟ ಖಾಲಿ ಉಳಿಯದು. ಮಂಗಾ ಲೋಕದಲ್ಲಿ ಇದು ಅಪರೂಪ. ‘ಹಂಟರ್ × ಹಂಟರ್’ ಬರೆಯುವ ತೊಗಾಶಿ ಯೊಶಿಹಿರೊ ಎರಡು ವರ್ಷ ಕುರ್ಚಿಯಲ್ಲಿ ಕೂರಲಾಗದ ತಮ್ಮ ಬೆನ್ನುನೋವನ್ನು 2022ರಲ್ಲಿ ಓದುಗರಿಗೆ ತಿಳಿಸಿದ್ದರು. ಅವರ ಕಷ್ಟ ನನಗೆ ಮೂಳೆಮೂಳೆಗೂ ಗೊತ್ತು. ಒಬ್ಬರ ದೇಹಕ್ಕೆ ಇನ್ನೊಬ್ಬರ ದೇಹವನ್ನು ಹೋಲಿಸುವುದು ತಪ್ಪು, ಅದೃಷ್ಟಕ್ಕೂ ಇದರಲ್ಲಿ ಪಾಲಿದೆ. ಆದರೂ ಏಳು ಗಂಟೆಗೆ ಪೆನ್ನು ಕೆಳಗಿಟ್ಟವರೇ ಈ ದಾಖಲೆ ಬರೆದರು ಎಂಬುದು ಮಲಗಿದ್ದ ನನಗೆ ಮಾತ್ರೆಗಿಂತ ಹೆಚ್ಚು ನಾಟಿತು.

ಮುಗಿಸಿದ ರೀತಿಯೂ ಅವರದೇ. 2016ರ ಸೆಪ್ಟೆಂಬರ್ 3ರಂದು ಕಾಂದಾ ಮ್ಯೋಜಿನ್ ದೇಗುಲದಲ್ಲಿ, ಕೊಚಿಕಾಮೆಯ ಚಿತ್ರಸುರುಳಿಯನ್ನು ಅರ್ಪಿಸುವ ಸಮಾರಂಭದಲ್ಲಿ ವಿಷಯ ತಿಳಿಸಿದರು. ಎರಡು ವಾರಕ್ಕೆ, 17ರಂದು, ಕೊನೆಯ ಕಂತಿದ್ದ ಜಂಪ್ ಸಂಚಿಕೆ ಮತ್ತು 200ನೇ ಸಂಪುಟ ಒಂದೇ ದಿನ ಬಂದವು. ಕೊನೆಯ ನಗೆಚಟಾಕಿ ಮಾತ್ರ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಎರಡನ್ನೂ ಕೊಳ್ಳದೆ ವಿಧಿಯಿಲ್ಲ. ರ್ಯೋ-ಸಾನ್ ಸ್ವತಃ ಹೂಡಿದ ವ್ಯಾಪಾರದಂತಿದೆ. ಒಂದೇ ಮಂಗಾದ ಅತಿ ಹೆಚ್ಚು ಸಂಪುಟಗಳೆಂದು ಗಿನ್ನೆಸ್ ದಾಖಲೆಯೂ ಬಂತು. 2021ರ ಜುಲೈನಲ್ಲಿ ‘ಗೋಲ್ಗೊ 13’ ಎಂಬ ಇನ್ನೊಂದು ಮಂಗಾದ 201ನೇ ಸಂಪುಟ ಅದನ್ನು ಮುರಿದಾಗ ಯಜಮಾನರು ಎರಡು ದಿನ ಗಿರಾಕಿಗಳ ಜೊತೆ ಮಾತಾಡಲಿಲ್ಲವಂತೆ. ಅಕ್ಟೋಬರಿನಲ್ಲಿ ಕೊಚಿಕಾಮೆಯೂ 201ನೆಯದನ್ನು ಹೊರತಂದು ಸರಿಸಮವಾಯಿತು. ಆ ಪ್ರತಿಯನ್ನು ಅವರು ನನಗೆ ಎರವಲು ಕೊಡಲಿಲ್ಲ. ಮೊನ್ನೆ ಕೆಲಸಕ್ಕೆ ಹೊರಟಾಗ ಹೊಸ ಪ್ರತಿಯೊಂದನ್ನು ಕೊಂಡು ತಂದು ಕೈಗಿಟ್ಟರು.

ಇನ್ನುಳಿದವರಿಗೆ ಚುಟುಕಾಗಿ ಹೇಳುತ್ತೇನೆ, ಉದ್ದ ಮಾತು ನಿಮಗೆ ಮುಜುಗರವೆಂದು ಬಲ್ಲೆ. ಟೋಕಿಯೊದ ಕನ್ನಡ ಗೆಳೆಯರೇ, ಶನಿವಾರ ಶನಿವಾರ ನೀವು ತಂದ ಹುಳಿ, ಚಟ್ನಿಪುಡಿ, ಒಮ್ಮೆ ಎಲ್ಲಿಂದಲೋ ಹುಡುಕಿ ತಂದ ಹಲಸಿನ ಹಪ್ಪಳ ಎಲ್ಲವೂ ಲೆಕ್ಕದಲ್ಲಿವೆ. ಕಷ್ಟವಾದರೂ ಸರಿ, ಇನ್ನೂ ನಾಲ್ಕು ಹೆಜ್ಜೆ ಎನ್ನುತ್ತಿದ್ದ ಫಿಸಿಯೊ ಮೇಡಂ ಅವರಿಗೆ ನಮಸ್ಕಾರ. ನನ್ನ ಹೆಂಡತಿಗೆ ಇಲ್ಲಿ ಏನು ಬರೆದರೂ ಕಡಿಮೆ, ಮನೆಯಲ್ಲಿ ಹೇಳಿದ್ದೇನೆ. ಜಂಪ್ ಮಂಗಾಗಳಲ್ಲಿ ಕಾಂಜಿ ಎಂಬ ಚೀನೀ ಮೂಲದ ಅಕ್ಷರಗಳ ಪಕ್ಕ ಉಚ್ಚಾರವನ್ನು ಪುಟ್ಟದಾಗಿ ಅಚ್ಚುಹಾಕುವ ಕಾಣದ ಕೈಗಳಿಗೂ ಒಂದು ನಮಸ್ಕಾರ. ಮಕ್ಕಳಿಗೆಂದು ಮಾಡಿದ ಆ ಉಪಕಾರದಿಂದ ನಲವತ್ತೊಂದರ ಪ್ರಾಯದ ಶಿವಮೊಗ್ಗದವನೊಬ್ಬ ದಡ ಸೇರಿದ.

ಅಕಿಮೊತೊ-ಸಾನ್, ನಿಮಗೆ ಕನ್ನಡ ಬಾರದು, ಇದು ನಿಮ್ಮನ್ನು ತಲುಪುವುದೂ ಇಲ್ಲ. 2017ರಲ್ಲಿ, ವಿಶ್ರಾಂತಿ ತೆಗೆದುಕೊಳ್ಳುವ ಬದಲು, ನೀವು ನಾಲ್ಕು ಹೊಸ ಮಂಗಾಗಳನ್ನು ಬೇರೆ ಬೇರೆ ಪತ್ರಿಕೆಗಳಲ್ಲಿ ಆರಂಭಿಸಿದಿರೆಂದು ತಿಳಿದು ನಗು ಬಂತು. ಸೋಮವಾರ ಸಂಜೆ ಏಳಕ್ಕೆ ನಾನೂ ಲ್ಯಾಪ್‌ಟಾಪ್ ಮುಚ್ಚಿದೆ. ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಕಾಮೆಅರಿ ನಿಲ್ದಾಣದಲ್ಲಿ ಇಳಿದು, ಮನೆಗೆ ಹೋಗುವ ಮುನ್ನ ಪಾರ್ಕಿಗೆ ನಡೆದೆ. ಆ ಪಾರ್ಕಿನ ಎದುರು ನಿಜವಾಗಿ ಯಾವ ಹೊರಠಾಣೆಯೂ ಇಲ್ಲ. ಒಳಗೆ ಒಂದು ಬೆಂಚಿದೆ, ಅದರ ಮೇಲೆ ದಣಿವಾರಿಸಿಕೊಳ್ಳುತ್ತ ಕುಳಿತ ರ್ಯೋ-ಸಾನ್‌ನ ಕಂಚಿನ ಪ್ರತಿಮೆಯಿದೆ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಫಿಸಿಯೊ ಮೇಡಂ ಒಂದೇ ಬಾರಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ ಎಂದಿದ್ದಾರೆ. ಹದಿನೆಂಟು ನಿಮಿಷ ಕುಳಿತಿದ್ದೆ.