ಜರ್ಮನಿ: ಸಾಲಕ್ಕೆ ಹೆದರಿದ್ದರ ಬೆಲೆ

ಮಾನ್ಯ ಸಂಪಾದಕರೇ,

ಜರ್ಮನಿಯ ಅರ್ಥವ್ಯವಸ್ಥೆ 2023 ಮತ್ತು 2024ರಲ್ಲಿ ಸತತವಾಗಿ ಕುಗ್ಗಿದ್ದಕ್ಕೆ ರಷ್ಯಾದ ಅಗ್ಗದ ಅನಿಲ ನಿಂತುಹೋದದ್ದೊಂದೇ ಕಾರಣವೆಂಬ ವಾದ ಅರ್ಧಸತ್ಯ. ಕೇಂದ್ರ ಸರ್ಕಾರದ ರಚನಾತ್ಮಕ ಕೊರತೆ (ಆರ್ಥಿಕ ಏರಿಳಿತಗಳ ಪರಿಣಾಮ ಬಿಟ್ಟು ಲೆಕ್ಕ ಹಾಕುವ ಬಜೆಟ್ ಕೊರತೆ) ಜಿಡಿಪಿಯ ಶೇ 0.35ನ್ನು ಮೀರಬಾರದೆಂದು 2009ರಲ್ಲಿ ಸಂವಿಧಾನಕ್ಕೇ ಸೇರಿಸಿಕೊಂಡ ಆ ದೇಶ, ಬಡ್ಡಿದರ ಶೂನ್ಯದ ಆಸುಪಾಸಿನಲ್ಲಿದ್ದ ವರ್ಷಗಳಲ್ಲೂ ರಸ್ತೆ, ರೈಲುಮಾರ್ಗಗಳಿಗಾಗಿ ಸಾಲ ಮಾಡಲು ಹಿಂಜರಿಯಿತು. ಲ್ಯೂಡೆನ್‌ಶೈಡ್ ನಗರದ ಬಳಿ ಎ45 ಹೆದ್ದಾರಿಯ ಶಿಥಿಲ ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ದಿಢೀರನೆ ಮುಚ್ಚಿ, 2023ರಲ್ಲಿ ಸ್ಫೋಟಿಸಿ ಕೆಡವಬೇಕಾಯಿತು. ಸುತ್ತಲಿನ ಕೈಗಾರಿಕೆಗಳು ಅದರ ಬಿಸಿ ಅನುಭವಿಸಿದವು.

2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ ಸಾಲ ಮಾಡಿ ಕಟ್ಟುವ 50,000 ಕೋಟಿ ಯುರೊ ಮೂಲಸೌಕರ್ಯ ನಿಧಿಗೆ ದಾರಿ ಮಾಡಿದ್ದು, ತಡವಾದರೂ, ಸರಿಯೇ. ಆದರೆ ಹಣ ಬಂದಷ್ಟು ಬೇಗ ಪರವಾನಗಿಗಳಾಗಲಿ ಕುಶಲ ಕೆಲಸಗಾರರಾಗಲಿ ಬರುವುದಿಲ್ಲ. ಭಾರತೀಯ ಕುಶಲಕರ್ಮಿಗಳ ವಾರ್ಷಿಕ ವೀಸಾ ಮಿತಿಯನ್ನು 20,000ದಿಂದ 90,000ಕ್ಕೆ ಏರಿಸಲು ಬರ್ಲಿನ್ 2024ರಲ್ಲೇ ನಿರ್ಧರಿಸಿದ್ದು ಕೆಲಸಗಾರರ ಈ ಕೊರತೆಯಿಂದಾಗಿಯೇ.

– ಓದುಗ, ಧಾರವಾಡ